ಹುಣಸೆ ಬಣ್ಣದ ವೈರು

ನನಗೆ ಕೆಂಪು ಮತ್ತು ಹಸಿರು ಒಂದೇ ಥರ ಕಾಣುತ್ತವೆ. ಕಂದು ಸೇರಿದರೆ ಮೂರೂ ಒಂದೇ. ಲಾರಿ ವೈರಿಂಗ್ ಮಾಡಿ ಹೊಟ್ಟೆ ಹೊರೆದವನು ಹೀಗೆ ಹೇಳಿದರೆ ಬಳ್ಳಾರಿಯಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ಆಮೇಲೆ ಗಾಡಿ ತರುವುದಿಲ್ಲ. ಹಾಗಾಗಿ ಯಾರಿಗೂ ಹೇಳಿದವನಲ್ಲ. ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳಿಗೂ ನಾನು ಹೇಳಿದ್ದಲ್ಲ, ಅವಳೇ ಕಂಡುಹಿಡಿದದ್ದು.

ನಾನು ಐದನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವನು. ಬಾದನಹಟ್ಟಿಯ ಹೊಲಗಳಲ್ಲಿ ಮೈ ಬಗ್ಗಿಸಿ ದುಡಿಯುತ್ತಿದ್ದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ಸುಗ್ಗಿಗೆ ಮೆಣಸಿನಕಾಯಿ ಬಿಡಿಸಲು ಕರೂರಿನಿಂದ ಹೆಣ್ಣುಮಕ್ಕಳ ಒಂದು ತಂಡ ಬಂದಿತ್ತು. ಅವರ ಊರಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಹಾಗೆ ನಮ್ಮ ಕಡೆ ಬರುತ್ತಿದ್ದರು. ಹಣ್ಣಾದ ಕಾಯಿ ಮಾತ್ರ ಬಿಡಿಸಬೇಕು, ಹಸಿರುಗಾಯಿ ಗಿಡದಲ್ಲೇ ಬಿಡಬೇಕು. ನನ್ನ ಬುಟ್ಟಿಯಲ್ಲಿ ಎರಡೂ ಬೀಳುತ್ತಿದ್ದವು. ಪಕ್ಕದ ಸಾಲಿನ ಹುಡುಗಿ ಇಣುಕಿ ನೋಡಿದಳು.

"ಏ, ಕಣ್ಣು ಮನ್ಯಾಗ ಇಟ್ಟು ಬಂದೀಯೇನು?"

"ನಿನ್ನ ಸಾಲು ನೀ ನೋಡ್ಕೋ," ಎಂದೆ. ಆಗಲೂ ಸೊಕ್ಕಿಗೆ ಕಡಿಮೆ ಇರಲಿಲ್ಲ.

ಮಧ್ಯಾಹ್ನ ರೊಟ್ಟಿ ತಿಂದು ಎಲ್ಲರೂ ಬೇವಿನ ಮರದ ಕೆಳಗೆ ಅಡ್ಡಾದಾಗ ಅವಳು ಅಂಗೈಯಲ್ಲಿ ಎರಡು ಕಾಯಿ ಹಿಡಿದು ಬಂದಳು. "ಇದರಾಗ ಹಣ್ಣು ಯಾವುದು, ಹೇಳು." ನಾನು ಎರಡನ್ನೂ ಬೆರಳಲ್ಲಿ ಒತ್ತಿ ನೋಡಿ ಮೆತ್ತಗಿದ್ದುದನ್ನು ಎತ್ತಿದೆ. ಸರಿಯಾಗಿತ್ತು. ಅವಳು ನಗಲಿಲ್ಲ.

"ಮುಟ್ಟಿ ಹೇಳಿದಿ. ನೋಡಿ ಹೇಳಾಕ ಬರಂಗಿಲ್ಲ ನಿನಗ, ಹೌದಲ್ಲ?"

ನಾನು ಬುಟ್ಟಿ ಎತ್ತಿಕೊಂಡು ನನ್ನ ಸಾಲಿಗೆ ಹೋದೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ಹೊಲದ ಗೌಡರು ತೂಕಕ್ಕೆ ಬರುವ ಮೊದಲು ನನ್ನ ಬುಟ್ಟಿಯ ಹಸಿರುಗಾಯಿ ಹೇಗೋ ಮಾಯವಾಗಿರುತ್ತಿದ್ದವು. ಮರುವರ್ಷ ನಾನು ಬಳ್ಳಾರಿಯ ಒಂದು ಗ್ಯಾರೇಜಿಗೆ ಸೇರಿದೆ. ಅದರ ಮುಂದಿನ ವರ್ಷ ಕರೂರಿಗೆ ಹೋಗಿ ಅವಳ ಅಣ್ಣನನ್ನು ಕಂಡು ಹೆಣ್ಣು ಕೇಳಿದೆ.

ಲಾರಿ ವೈರಿಂಗನ್ನು ನಾನು ಬಣ್ಣದಿಂದ ಕಲಿಯಲಿಲ್ಲ. ವೈರು ಎಲ್ಲಿಂದ ಹೊರಡುತ್ತದೆ, ಎಲ್ಲಿ ಬಾಗುತ್ತದೆ, ಎಷ್ಟು ದಪ್ಪ, ಅಷ್ಟು ಸಾಕಿತ್ತು. ಕರಿ, ಬಿಳಿ, ಹಳದಿ, ನೀಲಿ ನನಗೂ ಕಾಣುತ್ತವೆ. ಕರಿ ವೈರು ಗಾಡಿಯ ಬಾಡಿಗೆ, ಅಂದರೆ ಅದರ ಮೈಗೆ, ಹೋಗುತ್ತದೆ ಎಂಬುದು ನಮ್ಮಲ್ಲಿ ಟೀ ತಂದುಕೊಡುವವನಿಗೂ ಗೊತ್ತು. ಕರೆಂಟು ಬ್ಯಾಟರಿಯಿಂದ ಹೊರಟು ದೀಪ ಉರಿಸಿ ಗಾಡಿಯ ಕಬ್ಬಿಣದ ಮೈಯೊಳಗೆ ಇಳಿದು ಬ್ಯಾಟರಿಗೆ ವಾಪಸ್ಸು ಬರಬೇಕು. ಆ ವಾಪಸ್ಸಿನ ದಾರಿಯೇ ಬಾಡಿ. ಉಳಿದದ್ದನ್ನು ಕರೆಂಟು ಅಳೆಯುವ ಮೀಟರು ಹೇಳುತ್ತಿತ್ತು. ಮೀಟರಿಗೂ ಸಿಗದ ಕಡೆ ಅವಳು ಹೇಳುತ್ತಿದ್ದಳು. ನಾನು ಸ್ವಂತ ಅಂಗಡಿ ಹಾಕಿದ ಮೇಲೆ ಮಧ್ಯಾಹ್ನ ಬುತ್ತಿ ತಂದವಳು ಸಂಜೆತನಕ ಅಲ್ಲೇ ಕೂರುತ್ತಿದ್ದಳು. ನಾನು ಲಾರಿಯ ಹೊಟ್ಟೆಯಿಂದ ಒಂದು ವೈರು ಎಳೆದು ತೋರಿಸಿದರೆ ಸಾಕು.

"ಮೆಣಸಿನಕಾಯಿ ಒಡಲು, ಬಿಳಿ ಅಂಚು."

ಮೈಯೆಲ್ಲ ಒಂದು ಬಣ್ಣವಾಗಿ ಉದ್ದಕ್ಕೂ ಇನ್ನೊಂದು ಬಣ್ಣದ ಗೀರು ಇರುವ ವೈರು ಅವಳಿಗೆ ಸೀರೆಯ ಹಾಗೆ ಕಾಣುತ್ತಿತ್ತು. ಕೆಂಪು ಎಂದರೆ ಮೆಣಸಿನಕಾಯಿ. ಹಸಿರು ಎಂದರೆ ಭತ್ತದ ಸಸಿ. ಕಂದು ಎಂದರೆ ಹುಣಸೆ. ನಮ್ಮಿಬ್ಬರ ನಡುವೆ ಗ್ರಾಹಕರಿಗೆ ತಿಳಿಯದ ಭಾಷೆ ಅದು. ಒಮ್ಮೆ ಒಬ್ಬ ಲಾರಿ ಡ್ರೈವರ್ ಇದನ್ನು ಕೇಳಿಸಿಕೊಂಡು, "ಅಕ್ಕಾ, ಕೆಲಸದ ಹೊತ್ತಿನಾಗೂ ಸೀರಿ ಕೇಳ್ತೀಯಲ್ಲ, ಕೊಡಸ್ತಾನೇನು ಈತ?" ಎಂದ.

"ಕೊಡಸಂಗಿಲ್ಲ ಅಂತನ ತಮ್ಮಾ ದಿನಾ ಕೇಳೋದು," ಎಂದಳು ಅವಳು, ಮುಖದಲ್ಲಿ ಒಂದು ಗೆರೆ ಅಲುಗದೆ.

ಮಕ್ಕಳಾಗಲಿಲ್ಲ. ಅಂಗಡಿಯೇ ನಮ್ಮ ಸಂಸಾರವಾಗಿತ್ತು.

ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಅದು ಬೆನ್ನುಮೂಳೆಗೂ ಹೋಗಿತ್ತು. ಆಸ್ಪತ್ರೆಯವರು ಮಾಡುವಷ್ಟು ಮಾಡಿ, ನೋವಿಗೆ ಮಾತ್ರೆ ಬರೆದುಕೊಟ್ಟು, ಮನೆಯಲ್ಲಿ ನೋಡಿಕೊಳ್ಳಿ ಎಂದರು. ಮೊದಮೊದಲು ಸ್ವಲ್ಪ ಹೊತ್ತು ಕೂರುತ್ತಿದ್ದಳು. ಊರೊಳಗೆ ಆಟೋದಲ್ಲಿ ಕೂತು ಹೋಗುವಷ್ಟು ದೂರ ಸರಿ. ದೂರದ ದಾರಿಗೆ ಬಸ್ಸು, ಕಾರು ಆಗುತ್ತಿರಲಿಲ್ಲ.

ಅವಳು ಕೇಳಿದ್ದು ಒಂದೇ.

"ಒಮ್ಮೆ ಕರೂರಿಗೆ ಕರ್ಕೊಂಡು ಹೋಗ್ರಿ. ಉಡಿ ತುಂಬಿಸ್ಕೊಂಡು ಬರ್ತೀನಿ."

ತವರಿಗೆ ಹೋದ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ನಮ್ಮಲ್ಲಿ. ಅಣ್ಣನ ಹೆಂಡತಿ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಶಿನದ ಕೊಂಬು, ಕುಪ್ಪಸದ ಬಟ್ಟೆ ತುಂಬುತ್ತಾಳೆ. ಮಗಳು ಹೊಸ್ತಿಲು ದಾಟುವ ಮೊದಲು ಆ ಅಕ್ಕಿಯಲ್ಲೇ ಒಂದು ಹಿಡಿ ತೆಗೆದು ತವರಿನ ಅಕ್ಕಿ ಗಡಿಗೆಗೆ ಮರಳಿ ಹಾಕುತ್ತಾಳೆ. ತಾನು ಒಯ್ದದ್ದರಿಂದ ಮನೆ ಬರಿದಾಗಬಾರದು ಎಂದು. ಕಾಯಿಲೆ, ಆಸ್ಪತ್ರೆ ಎಂದು ವರ್ಷಗಳಿಂದ ಅವಳಿಗೆ ಹೋಗಲು ಆಗಿರಲಿಲ್ಲ. ಅಣ್ಣನೇ ಬಂದು ಬಂದು ನೋಡಿಹೋಗುತ್ತಿದ್ದ.

"ಆಂಬುಲೆನ್ಸು ಮಾಡ್ಸೋಣ," ಎಂದೆ.

"ಬ್ಯಾಡ. ಆಂಬುಲೆನ್ಸಿನ್ಯಾಗ ಹೋದ್ರ ನಾ ಇಳಿಯೋಕಿಂತ ಮೊದಲ ಊರ ಮಂದಿ ಅಳಾಕ ನಿಂತಿರ್ತಾರ. ನಾ ಉಡಿ ತುಂಬಿಸ್ಕೊಳ್ಳಾಕ ಹೊಂಟೀನಿ, ಅಳಿಸಾಕ ಅಲ್ಲ."

ಹೇಗೆ ಕರೆದೊಯ್ಯುವುದು ಎಂದು ತಿಳಿಯದೆ ಇದ್ದ ಹೊತ್ತಿನಲ್ಲೇ ಕಂಟೋನ್ಮೆಂಟಿನ ಯಜಮಾನರು ಹೇಳಿಕಳಿಸಿದರು. ಅವರ ಹಳೆಯ ಲಾರಿಗಳ ವೈರಿಂಗೆಲ್ಲ ನನ್ನದೇ. ಈಗ ಲಾರಿ ಇಲ್ಲ, ಅವರು ಇದ್ದಾರೆ. ಬಂಗಲೆಯ ಹಿಂದಿನ ಶೆಡ್ಡಿನ ಬಾಗಿಲು ತೆಗೆಸಿದರು. ಒಳಗೆ ಉದ್ದನೆಯ ಒಂದು ವ್ಯಾನು, ಮೇಲೆಲ್ಲ ದೂಳು. ಅದಿರಿನ ಗಣಿ ದುಡ್ಡು ಹರಿದ ಕಾಲದಲ್ಲಿ ಅವರ ತೀರಿಹೋದ ಅಣ್ಣ ತರಿಸಿದ್ದಂತೆ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ಹಡಗು ಹತ್ತಿ ಮದ್ರಾಸಿನಲ್ಲಿ ಇಳಿದ ಗಾಡಿ. ಡೀಸೆಲ್ ಇಂಜಿನ್ನು. ಹಿಂದೆ ಒಂದು ಪುಟ್ಟ ಮನೆ: ಒಲೆ, ಕೈ ತೊಳೆಯುವ ಬಟ್ಟಲು, ಗೋಡೆಗೆ ಕಪಾಟು, ಫ್ಯಾನು, ಅಡ್ಡಡ್ಡ ಒಂದು ಹಾಸಿಗೆ.

"ಇಂಜಿನ್ನಿನವ ಬಂದು ಹೋದ. ಇಂಜಿನ್ ಕಲ್ಲಿದ್ದಂಗ ಐತಂತ," ಎಂದರು ಯಜಮಾನರು. "ಆದ್ರ ವೈರು ಇಲಿ ತಿಂದು ಹಾಕ್ಯಾವು. ಕಣ್ಣು ಮುಚ್ಚೋದರಾಗ ಒಮ್ಮೆ ಇದರಾಗ ಮಲಗಿ ರಾಮೇಶ್ವರ ನೋಡಬೇಕಲೇ ಮೇಸ್ತ್ರಿ."

ನಾನು ನೋಡುತ್ತಿದ್ದದ್ದು ಹಾಸಿಗೆಯನ್ನು.

"ಮಾಡ್ತೀನ್ರಿ. ಕೂಲಿ ನೀವು ಕೊಟ್ಟಷ್ಟು. ಆದ್ರ ಮೊದಲ ಸುತ್ತು ನನ್ನ ಹೆಂಡ್ತೀದು."

"ಎಲ್ಲಿಗೆ?"

"ಕರೂರಿಗೆ."

"ಥೂ, ಕಾಶಿ ಅಂತೀಯಂತ ಮಾಡಿದ್ದೆ," ಎಂದು ನಕ್ಕವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ತಗೊಂಡು ಹೋಗಪ್ಪ."

ಮರುದಿನ ಅವಳನ್ನು ಆಟೋದಲ್ಲಿ ಕರೆತಂದೆ. ಯಜಮಾನರಿಗೆ, ಮನೆಯಲ್ಲಿ ಒಬ್ಬಳೇ ಆಗುತ್ತಾಳೆ ಎಂದು ಹೇಳಿದೆ. ಅದೂ ನಿಜವೇ. ಅವಳು ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತು, ಸುತ್ತಲೂ ಕಣ್ಣಾಡಿಸಿ, "ನಮ್ಮ ಅಂಗಡೀಗಿಂತ ಚಲೋ ಐತಿ. ಅಡಿಗಿಮನ್ಯಾಗ ಮಲಗಿದಂಗ ಆತು ನೋಡ್ರಿ," ಎಂದಳು.

ಅಂಥ ವೈರಿಂಗ್ ನಾನು ಕಂಡಿರಲಿಲ್ಲ. ಲಾರಿಯ ಒಂದು ಕಟ್ಟಿನಲ್ಲಿ ಬೆರಳೆಣಿಕೆಯಷ್ಟು ವೈರು ಇದ್ದರೆ ಇದರಲ್ಲಿ ಶಾವಿಗೆಯ ಹಾಗೆ ತುಂಬಿದ್ದವು, ಎಲ್ಲ ಒಂದೇ ದಪ್ಪ. ದಾರಿ ಹಿಡಿದು ಹೋಗೋಣ ಎಂದರೆ ಮಧ್ಯೆ ಇಲಿ ಕಡಿದು ದಾರಿಯೇ ಇಲ್ಲ. ಈ ತುಂಡಿಗೆ ಆ ತುಂಡು ಜೋಡಿ ಎಂದು ಹೇಳಲು ಉಳಿದದ್ದು ಬಣ್ಣ ಒಂದೇ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ತುದಿಗಳನ್ನು ಎಳೆದೆಳೆದು ಎತ್ತುವುದು, ಅವಳು ಹೇಳುವುದು. ಹುಣಸೆ ಒಡಲು, ಬಿಳಿ ಅಂಚು. ಸಸಿ ಒಡಲು, ಕರಿ ಅಂಚು. ಬರೀ ಹುಣಸೆ. ಬರೀ ಹುಣಸೆ. ಮತ್ತೂ ಹುಣಸೆ.

"ಎಷ್ಟು ಹುಣಸಿ ತಂದಾರಪ್ಪ ಇವರು. ಸಾರು ಮಾಡ್ತಾರೇನು?"

ಅವಳು ಬಾರದ ದಿನಕ್ಕೆಂದು ಒಂದು ಉಪಾಯವನ್ನೂ ಮಾಡಿದಳು. ಹಳೆಯ ಸೀರೆಯ ಅಂಚಿನಿಂದ ನೂಲು ಕಿತ್ತು, ನಾನು ಎತ್ತಿ ಹಿಡಿದ ವೈರಿಗೆ ಕಟ್ಟುವಳು. ಹುಣಸೆಗೆ ಒಂದು ಗಂಟು, ಮೆಣಸಿನಕಾಯಿಗೆ ಎರಡು, ಸಸಿಗೆ ಮೂರು. ನನ್ನ ಬೆರಳಿಗೆ ಓದಲು ಬರುವ ಹಾಗೆ.

ತಪ್ಪಾದದ್ದು ಕರಿ ವೈರಿನಲ್ಲಿ. ಚಾವಿ ಹಾಕುವ ಜಾಗದ ಹಿಂದೆ ಒಂದು ಕರಿ ವೈರಿನ ತುದಿ ಕಡಿದು ನೇತಾಡುತ್ತಿತ್ತು. ಅದಕ್ಕೆ ಅವಳನ್ನು ಕೇಳುವ ಅಗತ್ಯವೂ ಇರಲಿಲ್ಲ, ನನಗೇ ಕಂಡಿತ್ತು. ಕರಿ ಎಂದರೆ ಬಾಡಿ. ಎಂದಿನ ಹಾಗೆ ಕೊರೆದು, ಕೆರೆದು, ಬೋಲ್ಟು ಹಾಕಿ ಬಾಡಿಗೆ ಬಿಗಿದೆ. ಹುಣಸೆ ತುದಿಗಳು ಕರೆಂಟಿನವು ಇರಬೇಕು, ತಗುಲಬಾರದು ಎಂದು ಒಂದೊಂದಕ್ಕೂ ಟೇಪು ಸುತ್ತಿ ಬದಿಗೆ ಕಟ್ಟಿದೆ. ಚಾವಿ ತಿರುಗಿಸಿದೆ.

ಮೊದಲು ವಾಸನೆ ಬಂತು, ಹಿಂದೆಯೇ ಹೊಗೆ. ಬ್ಯಾಟರಿ ಕಳಚಲು ಓಡುವಷ್ಟರಲ್ಲಿ ಇಡೀ ಕಟ್ಟು ಒಳಗೊಳಗೇ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಯಜಮಾನರು ವರಾಂಡದಿಂದ ಕೂಗಿದರು: "ಏನಲೇ, ಗಂಡ ಹೆಂಡ್ತಿ ಒಗ್ಗರಣಿ ಹಾಕಾಕತ್ತೀರೇನು ಒಳಗ?"

ಆ ದೇಶದವರು ಚಾವಿ ತಿರುಗಿಸಿದಾಗ ಹರಿಯುವ ಕರೆಂಟಿಗೆ ಕರಿ ಬಣ್ಣ ಕೊಡುತ್ತಾರೆ ಎಂದು ನನಗೆ ಹೇಗೆ ಗೊತ್ತಿರಬೇಕು? ಬಳ್ಳಾರಿಯ ಯಾವ ಮೇಸ್ತ್ರಿಯಾದರೂ ಅದನ್ನು ಹಾಗೇ ಬಿಗಿಯುತ್ತಿದ್ದ. ಹಾಗೆಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕರೆದಳು.

"ಮೇಸ್ತ್ರೀ, ಬರ್ರಿ ಇಲ್ಲಿ." ಕೀಟಲೆ ಇದ್ದಾಗ ಮಾತ್ರ ನನ್ನನ್ನು ಮೇಸ್ತ್ರಿ ಎನ್ನುತ್ತಿದ್ದಳು. "ಈ ಹಾಸಿಗಿ ಕೆಳಗ ನೋಡ್ರಿ. ಹಲಗಿ ಸಂದ್ಯಾಗ ಕಾಣಸ್ತೈತಿ. ಹುಣಸಿ ಎಲ್ಲಾ ಬಂದು ಒಂದ ಬೋಲ್ಟಿಗೆ ಕಟ್ಟ್ಯಾರ, ಮುಂಜಾನಿ ನಳದ ಮುಂದ ಕೊಡ ಇಟ್ಟಂಗ. ಆ ಬೋಲ್ಟು ಗಾಡಿ ತಗಡಿಗೇ ಐತಿ. ಕರೆಂಟಿನ ವೈರನ್ನ ಯಾರಾದರೂ ತಗಡಿಗೆ ಕಟ್ಟತಾರೇನು?"

ನಾನು ಬಗ್ಗಿ ನೋಡಿದೆ. ಅವಳು ಹೇಳಿದ್ದು ಸರಿ. ಈ ಗಾಡಿಗೆ ಹುಣಸೆಯೇ ಬಾಡಿ.

ಸುಟ್ಟ ಕಟ್ಟನ್ನು ಕಿತ್ತು ಹೊಸದಾಗಿ ಹೆಣೆಯಲು ವಾರಗಳೇ ಹಿಡಿದವು. ಅಷ್ಟರಲ್ಲಿ ಅವಳು ಒರಗಿ ಕೂರುವುದು ನಿಂತಿತು. ಮಲಗಿಯೇ ಹೇಳುವಳು, ಹೊಸ ವೈರಿಗೂ ಮಲಗಿಯೇ ಗಂಟು ಕಟ್ಟುವಳು, ನಾನು ವೈರನ್ನು ಅವಳ ಮುಖದ ಹತ್ತಿರ ಒಯ್ದು ಹಿಡಿಯುತ್ತಿದ್ದೆ. ಕೆಲವು ದಿನ ಆಟೋ ಹತ್ತಲೂ ಆಗದೆ ಮನೆಯಲ್ಲೇ ಉಳಿದಳು. ಆಗ ನಾನು ಶೆಡ್ಡಿನಲ್ಲಿ ಒಬ್ಬನೇ ಗಂಟು ಮುಟ್ಟಿ ಮುಟ್ಟಿ ಜೋಡಿಸಿದೆ. ಆ ಕರಿ ವೈರು ಬಿಗಿಯದಿದ್ದರೆ ಅವಳು ದಿಂಬಿಗೆ ಒರಗಿ ಕೂತುಕೊಂಡೇ ಕರೂರಿಗೆ ಹೋಗುತ್ತಿದ್ದಳು. ಈ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಹಾಸಿಗೆಯ ತಲೆಯ ಹತ್ತಿರ ಗೋಡೆಯಲ್ಲಿ ಒಂದು ಚಿಕ್ಕ ದೀಪ ಇತ್ತು, ಅಕ್ಕಿ ಕಾಳಿಗಿಂತ ತುಸು ದೊಡ್ಡದು. ಆ ಗಾಡಿಯಲ್ಲಿ ಬ್ಯಾಟರಿ ಎರಡು. ಒಂದು ಇಂಜಿನ್ನಿಗೆ, ಇನ್ನೊಂದು ಹಿಂದಿನ ಮನೆಗೆ. ಮನೆಯದು ಹಾಸಿಗೆಯ ಕೆಳಗೆ. ಇಂಜಿನ್ ಓಡುವಾಗ ಎರಡನೆಯದಕ್ಕೂ ಕರೆಂಟು ಹರಿದರೆ ಆ ದೀಪ ಹಸಿರು, ಹರಿಯದಿದ್ದರೆ ಅದೇ ದೀಪ ಕೆಂಪು. ಕೆಲಸ ಮುಗಿದ ದಿನ ಇಂಜಿನ್ ಹತ್ತಿಸಿ ಕೇಳಿದೆ.

"ಏನು?"

"ಸಸಿ," ಎಂದಳು. "ಎಳೇ ಸಸಿ. ನಾಟಿ ಮಾಡಿದ ವಾರಕ್ಕ ಇರ್ತೈತಲ್ಲ, ಹಂಗ."

ಮೆಣಸಿನಕಾಯಿ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಹೊರಟೆವು. ಓಣಿಯ ಹೆಣ್ಣುಮಕ್ಕಳು ಸೇರಿ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿದರು. ಹಸಿರು ಸೀರೆ ಉಟ್ಟಿದ್ದಳಂತೆ, ನನಗೆ ಅವಳೇ ಹೇಳಿದ್ದು. ಕರೂರಿಗೆ ಸಿರುಗುಪ್ಪದ ಮೇಲೆ ಹೋಗಬೇಕು, ಅಲ್ಲಿಗೆ ನೇರ ರಸ್ತೆ ಇದೆ. ಅವಳು ಒಪ್ಪಲಿಲ್ಲ.

"ಕುರುಗೋಡು, ಬಾದನಹಟ್ಟಿ ಮ್ಯಾಲೆ ಹೋಗೋಣ. ಹೊಲ ನೋಡಬೇಕು."

"ಆ ರಸ್ತಿ ಕುಲುಕ್ತೈತಿ."

"ಕುಲುಕಲಿ. ಮಲ್ಕೊಂಡೇ ಅದೀನಲ್ಲ."

ನಿಧಾನ ಓಡಿಸಿದೆ. ಕಿಟಕಿಯ ಪರದೆ ಸರಿಸಿಕೊಂಡು ಅವಳು ದಾರಿ ಹೇಳುತ್ತಾ ಬಂದಳು. ಕುರುಗೋಡಿನ ಗುಡ್ಡದ ಬಂಡೆಗಳು ಕಂಡಾಗ, "ಇವು ಇನ್ನೂ ಉರುಳಿ ಬಿದ್ದಿಲ್ಲಲ್ಲ," ಎಂದಳು. ಊರ ಮುಂದೆ ನಿಲ್ಲಿಸಿ ಟೀ ತಂದೆ. ಎರಡು ಗುಟುಕು ಕುಡಿದಳು. ನಡುನಡುವೆ ನಾನು ಕೇಳುವೆ, "ದೀಪ?" ಅವಳು, "ಸಸಿ."

ಬಾದನಹಟ್ಟಿ ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಅವಳ ದನಿ ಬಂತು. "ಏನ್ರೀ, ಮೆಣಸಿನಕಾಯಿ ಆತು." ಸ್ವಲ್ಪ ತಡೆದು, "ಸಸಿ. ಇಲ್ಲ, ಮತ್ತ ಮೆಣಸಿನಕಾಯಿ."

ಅಷ್ಟರಲ್ಲಿ ಇಂಜಿನ್ನು ನಿಂತಿತು. ನಮ್ಮ ಹಳೆಯ ಲಾರಿಗಳು ಒಮ್ಮೆ ಹತ್ತಿದರೆ ಬ್ಯಾಟರಿ ಕಿತ್ತೆಸೆದರೂ ಓಡುತ್ತವೆ. ಈ ಗಾಡಿಯ ಡೀಸೆಲ್ ಪಂಪಿನ ಬಾಯಿಗೆ ಕರೆಂಟಿನ ಬೀಗ ಇದೆ. ಕರೆಂಟು ಹೋದರೆ ಬೀಗ ಬೀಳುತ್ತದೆ. ರಸ್ತೆಯ ಬದಿಗೆ ಉರುಳಿಸಿ ನಿಲ್ಲಿಸಿದೆ. ಮೀಟರು ಹಿಡಿದು ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬಂದೆ. ಬ್ಯಾಟರಿ ಸರಿ, ಫ್ಯೂಜು ಸರಿ, ಚಾವಿ ಸರಿ. ವಾಪಸ್ಸಿನ ದಾರಿ ಎಲ್ಲೋ ಕಡಿದಿತ್ತು. ಹುಣಸೆಗಳೆಲ್ಲ ಸೇರುವ ಬೋಲ್ಟು. ರಸ್ತೆಯ ಕುಲುಕಿಗೆ ಅದು ಸಡಿಲಾಗಿತ್ತು.

ಆ ಬೋಲ್ಟು ಅವಳ ಕೆಳಗಿತ್ತು. ಹಾಸಿಗೆ ಎತ್ತಿದರೆ ಮಾತ್ರ ಕೈ ಹೋಗುತ್ತದೆ.

ನಾನು ಸುಮ್ಮನೆ ಮುಂದೆ ಹೋಗಿ ಮತ್ತೆ ಫ್ಯೂಜು ನೋಡಿದೆ. ಬೇಕಿಲ್ಲದ ವೈರು ಜಗ್ಗಿದೆ. ಕ್ಯಾಬಿನ್ನಿನ ಕಡೆಯಿಂದ ಏನಾದರೂ ಮಾಡಲು ಬರುತ್ತದೆಯೇ ಎಂದು ಹುಡುಕಿದೆ. ಅವಳಿಗೆ ನನ್ನ ಕೆಲಸದ ಸದ್ದು ಗೊತ್ತು.

"ನನ್ನ ಕೆಳಗ ಐತಲ್ಲ?"

"ಹೂಂ."

"ಮತ್ತ ಯಾಕ ಆಟ ಆಡ್ತೀರಿ? ಇಳಸ್ರಿ ನನ್ನ."

ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳನ್ನು ಕೂಗಿದೆ. ಬುಟ್ಟಿ ಇಟ್ಟು ಓಡಿ ಬಂದರು. ಚಾಪೆಯ ನಾಲ್ಕು ಮೂಲೆ ಹಿಡಿದು ಅವಳನ್ನು ಇಳಿಸಿ ಬೇವಿನ ಮರದ ನೆರಳಲ್ಲಿ ಮಲಗಿಸಿದರು. ಇಳಿಸುವಾಗ ಅವಳು ಕೂಗಲಿಲ್ಲ. ತುಟಿ ಕಚ್ಚಿದ್ದಳು, ತುಟಿಯಿಂದ ರಕ್ತ ಬಂದಿತ್ತು. ನನಗೆ ರಕ್ತವೂ ಮಣ್ಣಿನ ಬಣ್ಣವೇ. ಅದು ರಕ್ತ ಎಂದು ಒಬ್ಬ ಮುದುಕಿ ಸೆರಗಿನಿಂದ ಒರೆಸಿದಾಗ ತಿಳಿಯಿತು.

ನಾನು ಬೋಲ್ಟಿಗೆ ಕೈ ಹಾಕಿದೆ. ಕೆಳಗೆ ತುಕ್ಕು ಹಿಡಿದಿತ್ತು. ಕೆರೆದು, ಹೊಸ ವಾಷರ್ ಹಾಕಿ, ಬಿಗಿಯುತ್ತಿರುವಾಗ ಹೊರಗಿನ ಮಾತು ಕೇಳುತ್ತಿತ್ತು.

"ಯಾವೂರವ್ವ?"

"ಬಳ್ಳಾರಿ. ತವರು ಕರೂರು. ನಾನೂ ಇದ ಹೊಲದಾಗ ಕಾಯಿ ಬಿಡಿಸಾಕ ಬರ್ತಿದ್ದೆ."

"ಹೌದಾ! ನಿನ್ನ ಗಂಡನೇನು ಈತ?"

"ಇಲ್ಲೇ ಸಿಕ್ಕ. ಹಸೀ ಕಾಯಿ ಬಿಡಿಸಿ ಬೈಸ್ಕೋತಿದ್ದ."

ಹೆಂಗಸರು ನಕ್ಕರು. ಅವಳು ನಗಲು ಹೋಗಿ ನರಳಿದಳು.

ಗಾಡಿ ಹತ್ತಿತು. ಒಂದೇ ಏಟಿಗೆ. ನಾನು ಕುಣಿಯುವಷ್ಟು ಖುಷಿಯಲ್ಲಿ ಮರದ ಕೆಳಗೆ ಹೋದೆ. ಅವಳ ಮುಖ ನೋಡಿ ನಿಂತೆ. ಬೆವರು ಇಳಿಯುತ್ತಿತ್ತು, ಕಣ್ಣು ಅರ್ಧ ಮುಚ್ಚಿದ್ದವು. ನೋವಿನ ಮಾತ್ರೆ ಕೊಟ್ಟೆ, ವಾಂತಿಯಾಯಿತು. ಕರೂರಿನ ಅವಳ ಅಣ್ಣನಿಗೆ ಫೋನು ಮಾಡಿದೆ. ಅವನು ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ನನ್ನವಳು ಊರು ಮುಟ್ಟುವವರೆಗೆ ತಡೆಯಬಹುದು, ತಡೆಯದೆಯೂ ಇರಬಹುದು ಎಂದು ಅತ್ತಿಗೆ ಉಡಿಯ ಸಾಮಾನನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡೇ ಬಂದಿದ್ದಳು.

"ಬಾರವ್ವಾ ತಂಗಿ," ಎಂದ ಅಣ್ಣ, ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು. "ಅರ್ಧ ದಾರಿ ಬಂದೀರಿ. ನಾ ಮುಂದ ಮುಂದ ಹೋಗ್ತೀನಿ, ನೀವು ಹಿಂದ ಬರ್ರಿ. ಸಿರುಗುಪ್ಪ ದಾಟಿದ್ರ ಊರು."

ಅವಳು ಅಣ್ಣನ ಕೈ ಹಿಡಿದಳು.

"ಆಗಂಗಿಲ್ಲಣ್ಣಾ. ನನಗ ಮನಿಗಿ ಹೋಗಬೇಕಾಗೇತಿ."

"ಅದನ್ನ ಹೇಳಾಕತ್ತೀನಿ, ಮನಿಗೇ ಹೋಗೋಣ ಬಾ."

"ಆ ಮನಿ ಅಲ್ಲೋ," ಎಂದು ನನ್ನ ಕಡೆ ನೋಡಿದಳು. "ನಮ್ಮನಿಗಿ."

ಇಷ್ಟು ವರ್ಷ ಅವಳ ಬಾಯಲ್ಲಿ ಕರೂರಿಗೆ ಮನೆ ಎಂದೂ ಬಳ್ಳಾರಿಯದಕ್ಕೆ ಅಂಗಡಿ ಎಂದೂ ಹೆಸರು. ಅಣ್ಣ ಎದ್ದು ಮರದ ಆಚೆ ಹೋಗಿ ನಿಂತ.

ಅತ್ತಿಗೆ ಅಲ್ಲೇ ಉಡಿ ತುಂಬಿದಳು. ಅವಳು ಮಲಗಿದ್ದ ಹಾಗೆಯೇ ಸೆರಗನ್ನು ಹೊಟ್ಟೆಯ ಮೇಲೆ ಹರಡಿ, ಎರಡೂ ಬದಿ ಹೊಲದ ಹೆಂಗಸರು ಹಿಡಿದುಕೊಂಡರು. ಅತ್ತಿಗೆ ಅಳುತ್ತಾ ಸುರಿದ ಅಕ್ಕಿ ಅತ್ತಿತ್ತ ಚೆಲ್ಲುತ್ತಿತ್ತು.

"ಅಳಬ್ಯಾಡ ಅತ್ತಿಗಿ. ಅಕ್ಕಿ ಚೆಲ್ತಾವು, ಕೋಳಿ ಬರ್ತಾವು."

ತುಂಬಿದ ಮೇಲೆ ಅವಳು ಅದರಲ್ಲಿ ಒಂದು ಹಿಡಿ ತೆಗೆದಳು. ಅತ್ತಿಗೆ ತನ್ನ ಸೆರಗು ಒಡ್ಡಿದಳು, ಇಲ್ಲೇ ಕೊಟ್ಟುಬಿಡು, ನಾನು ಗಡಿಗೆಗೆ ಹಾಕುತ್ತೇನೆ ಎಂದಳು. ಅವಳು ತಲೆಯಾಡಿಸಿದಳು.

"ರಸ್ತ್ಯಾಗ ಕೊಟ್ರ ಏನು ಬಂತು? ಮನ್ಯಾಗ, ಗಡಿಗ್ಯಾಗ ಹಾಕಬೇಕು. ನಾ ಬಂದಾಗ ಹಾಕ್ತೀನಿ."

ಎಂದು ಅದನ್ನು ಹೊಸ ಕುಪ್ಪಸದ ಬಟ್ಟೆಯ ತುದಿಗೆ ಹಾಕಿ ಗಂಟು ಕಟ್ಟಿದಳು. ಗಂಟು ಬಿಗಿಯಲು ಬೆರಳಿಗೆ ಶಕ್ತಿ ಇರಲಿಲ್ಲ. ನಾನು ಬಿಗಿದೆ.

ಗಾಡಿ ತಿರುಗಿಸಿದೆ. ಏನೂ ತೊಂದರೆ ಕೊಡದೆ ಬಳ್ಳಾರಿಗೆ ಬಂತು. ದಾರಿಯಲ್ಲಿ ನಾನು ದೀಪ ಏನು ಎಂದು ಕೇಳಲಿಲ್ಲ. ಕಂಟೋನ್ಮೆಂಟು ಹತ್ತಿರ ಬಂದಾಗ ಅವಳೇ ಮೆಲ್ಲಗೆ, "ಸಸಿ ಐತ್ರಿ," ಎಂದಳು, ನನಗೆ ಸಮಾಧಾನ ಆಗಲಿ ಎಂದು.

ಅದಾದ ಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಮಣ್ಣು ಮಾಡಿದ ದಿನ ತವರಿನಿಂದ ಸೀರೆ ಬಂತು, ಮತ್ತೊಮ್ಮೆ ಉಡಿ ತುಂಬಿದರು. ಸೀರೆಯ ಬಣ್ಣ ಯಾವುದು ಎಂದು ನಾನು ಯಾರನ್ನೂ ಕೇಳಲಿಲ್ಲ.

ದಿನ ಕಳೆದವು. ಅಂಗಡಿ ತೆಗೆದೆ. ಒಬ್ಬ ಡ್ರೈವರ್ ಗಾಡಿ ತಂದ, ಹಿಂದಿನ ದೀಪ ಉರಿಯುತ್ತಿಲ್ಲ ಎಂದ. ವೈರು ಎಳೆದು ಹಿಡಿದು, ಅಭ್ಯಾಸಕ್ಕೆ ಹಿಂದೆ ತಿರುಗಿದೆ. ಸ್ಟೂಲು ಖಾಲಿ. ಡ್ರೈವರನಿಗೆ ನಾಳೆ ಬಾ ಎಂದೆ.

ಮನೆಯ ಗೂಡಿನಲ್ಲಿ ಆ ಗಂಟು ಹಾಗೇ ಇತ್ತು. ಒಂದು ದಿನ ಯಜಮಾನರ ಹತ್ತಿರ ಹೋಗಿ ಗಾಡಿ ಕೇಳಿದೆ.

"ಕರೂರಿಗೆ ಬಸ್ಸು ಅದಾವಲ್ಲೋ," ಎಂದರು ಅವರು. ಕೊಡಬಾರದು ಎಂದಲ್ಲ. ನನ್ನೊಬ್ಬನನ್ನೇ ಆ ಗಾಡಿಯಲ್ಲಿ ಕಳಿಸಲು ಅವರಿಗೆ ಮನಸ್ಸಿರಲಿಲ್ಲ.

"ಮೊದಲ ಸುತ್ತು ಅರ್ಧ ಆಗೇತ್ರಿ. ಮುಗಸ್ತೀನಿ."

ಚಾವಿ ಕೊಟ್ಟರು. ಗಾಡಿಯ ಒಳಗೆ ಇಣುಕಿ, "ಈ ನೂಲು ಏನಲೇ ವೈರಿಗೆಲ್ಲ? ಬಿಚ್ಚಿ ತಗಿ, ಚಂದ ಕಾಣಲ್ಲ," ಎಂದರು.

"ಬಿಚ್ಚಬ್ಯಾಡ್ರಿ," ಎಂದೆ.

ಕುರುಗೋಡು, ಬಾದನಹಟ್ಟಿ, ಸಿರುಗುಪ್ಪ, ಅದೇ ದಾರಿ ಹಿಡಿದೆ. ಬೇವಿನ ಮರದ ಹತ್ತಿರ ನಿಲ್ಲಿಸಲಿಲ್ಲ. ಕರೂರಿನಲ್ಲಿ ಗದ್ದೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ಅಣ್ಣ ಕೆಸರುಗಾಲಲ್ಲೇ ಬಂದ. ಅತ್ತಿಗೆ ಒಳಗೆ ಕರೆದು ಅಕ್ಕಿಯ ಗಡಿಗೆಯ ಮುಚ್ಚಳ ತೆಗೆದಳು. ಗಂಡಸರು ಹಾಕುವ ವಾಡಿಕೆ ಇಲ್ಲ. ಹಾಗೆಂದು ಯಾರೂ ಹೇಳಲಿಲ್ಲ. ನಾನೇ ಬಿಗಿದ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ಅಕ್ಕಿ ಸುರಿದೆ. ಒಂದು ಗಳಿಗೆ ಬೇರೆಯಾಗಿ ಕಂಡಿತು, ಉಡಿಯ ಅರಿಶಿನ ಹತ್ತಿತ್ತೋ ಏನೋ. ಅತ್ತಿಗೆ ಗಡಿಗೆಯನ್ನು ಒಮ್ಮೆ ಅಲುಗಿಸಿದಳು. ಆಮೇಲೆ ಯಾವುದು ಅವಳದು ಎಂದು ತಿಳಿಯಲಿಲ್ಲ.

"ಉಂಡು ಹೋಗ್ರಿ," ಎಂದರು. ಉಂಡೆ.

ಸಂಜೆ ಹೊತ್ತು ಮುಳುಗುವಾಗ ವಾಪಸ್ಸು ಬರುತ್ತಿದ್ದೆ. ಕುರುಗೋಡಿನ ಗುಡ್ಡ ಕಪ್ಪಗಾಗಿತ್ತು. ಕನ್ನಡಿಯಲ್ಲಿ ಹಿಂದಿನ ಹಾಸಿಗೆ ಕಾಣುತ್ತಿತ್ತು, ಅದರ ತಲೆಯ ಹತ್ತಿರ ಗೋಡೆಯ ಮೇಲೆ ಆ ದೀಪ. ಉರಿಯುತ್ತಿತ್ತು.

"ಏನು?" ಎಂದೆ.

ಬಾಯಿಂದ ಬಂದುಬಿಟ್ಟಿತ್ತು. ಗಾಡಿಯನ್ನು ಬದಿಗೆ ನಿಲ್ಲಿಸಿದೆ, ಇಂಜಿನ್ ಆರಿಸಲಿಲ್ಲ. ಹಿಂದೆ ಹೋಗಿ ಹಾಸಿಗೆಯ ಮೇಲೆ ಕೂತು ದೀಪವನ್ನು ಹತ್ತಿರದಿಂದ ನೋಡಿದೆ. ಸಸಿಯೋ ಮೆಣಸಿನಕಾಯಿಯೋ. ಬೆರಳಿಟ್ಟೆ. ಕಾಯಿಯಾಗಿದ್ದರೆ ಒತ್ತಿ ಹೇಳುತ್ತಿದ್ದೆ, ಇದು ಬೆಚ್ಚಗೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ರಸ್ತೆಯ ಮೇಲೆ ಮಂದಿ ಓಡಾಡುತ್ತಿದ್ದರು, ಯಾರನ್ನಾದರೂ ಕರೆದು ಕೇಳಬಹುದಿತ್ತು. ಮೀಟರು ಸೀಟಿನ ಕೆಳಗೇ ಇತ್ತು. ಹಿಡಿದಿದ್ದರೆ ಗೊತ್ತಾಗುತ್ತಿತ್ತು.

ಹಿಡಿಯಲಿಲ್ಲ. ಅವಳು ಹೇಳಬೇಕಾದದ್ದನ್ನು ಮೀಟರಿನ ಬಾಯಲ್ಲಿ ಕೇಳಲು ನನಗೆ ಆ ಹೊತ್ತು ಮನಸ್ಸು ಬರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಮುಂದೆ ಬಂದು ಗೇರು ಹಾಕಿದೆ.